ಇನ್ನು ಸೀಲು ಹೊಡೆದ ಜೆರಾಕ್ಸ್ ಇರುವುದಿಲ್ಲ: ರೇಷ್ಮೆ ಗ್ರಾಹಕರಿಗೆ ಪತ್ರ

ಮಗ್ಗದ ಮಾಲೀಕರಿಗೆ, ಎಳೆ ತಿರುಚುವ ಹುರಿ ಮಿಷನ್ ನಡೆಸುವವರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಚೀನಾ ರೇಷ್ಮೆಯ ಲಾಟಿನ ಜೊತೆ ಬಿಲ್ ಆಫ್ ಎಂಟ್ರಿಯ (ಆಮದು ಮಾಲಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಜೆರಾಕ್ಸ್‌ಗೆ ಸೀಲು ಹೊಡೆದು ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಕಸ್ಟಮ್ಸ್‌ನಿಂದ ಬಂದ ಪಿಡಿಎಫ್ ಅನ್ನೇ ನಿಮ್ಮ ವಾಟ್ಸಾಪ್‌ಗೆ ಹಾಕುತ್ತೇವೆ.

ದೊಡ್ಡಬಳ್ಳಾಪುರ, ಆನೇಕಲ್ ಕಡೆಯ ಹಿರಿಯರಿಗೆ ಇದು ಹಿಡಿಸಲಿಕ್ಕಿಲ್ಲ, ಕ್ಷಮೆಯಿರಲಿ. ಆದರೆ ಆ ನೇರಳೆ ಸೀಲು ನಮ್ಮ ಅಂಗಡಿಯದು, ಸರ್ಕಾರದ್ದಲ್ಲ. 2020ರಿಂದ ಕಸ್ಟಮ್ಸ್‌ನವರೇ ಕ್ಲಿಯರ್ ಆದ ಬಿಲ್ ಆಫ್ ಎಂಟ್ರಿಯನ್ನು ಕ್ಯೂಆರ್ ಕೋಡ್ ಸಮೇತ ಈಮೇಲ್ ಮಾಡುತ್ತಿದ್ದಾರೆ. ಅದನ್ನು ಪ್ರಿಂಟ್ ಹಾಕಿ, ಬೆಲೆಯ ಕಾಲಂ ಮೇಲೆ ಚೀಟಿ ಇಟ್ಟು ಜೆರಾಕ್ಸ್ ತೆಗೆಯುವುದು ಪೇಟೆಯ ರೂಢಿ. ಇನ್ನು ಚೀಟಿಯೂ ಇಲ್ಲ. ನಾವು ಕೊಂಡ ಬೆಲೆ, ಕಟ್ಟಿದ ಸುಂಕ ಎಲ್ಲ ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ. 10ರಿಂದ 15ಕ್ಕೆ ಏರಿದಾಗ ಬೈಸಿಕೊಂಡವರು ನಾವೇ ತಾನೆ? ಈಗ ಲೆಕ್ಕ ನೀವೇ ಹಾಕಿಕೊಳ್ಳಿ.

ಗಲ್ಲೆಯ ಮುಂದೆ ದಿನವೂ ಕೇಳುವ ಮಾತು ಒಂದಿದೆ: "ಕಾಗದ ಹೋಯ್ತಲ್ಲ ಸ್ವಾಮಿ, ಖರ್ಚು ಉಳೀತಲ್ಲ, ಮತ್ಯಾಕೆ ಕೆಜಿ ಮೇಲೆ ಕ್ಲಿಯರಿಂಗ್ ಚಾರ್ಜು?"

ಕಾಗದ ಎಲ್ಲಿ ಹೋಯಿತು? 2018ರಿಂದ ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಎಲ್ಲವನ್ನೂ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆ ಇ-ಸಂಚಿತ್‌ನಲ್ಲಿ ಅಪ್‌ಲೋಡ್ ಮಾಡುತ್ತಿರುವುದು ನಿಜ. ಆದರೆ ಅವುಗಳ ಅಸಲು ಪ್ರತಿಗಳನ್ನು ಐದು ವರ್ಷ ಕಾಪಾಡಬೇಕು, ನಮ್ಮ ಅಟ್ಟ ಇನ್ನೂ ಖಾಲಿಯಾಗಿಲ್ಲ. ಬ್ಯಾಂಕಿನ ಎಲ್‌ಸಿ (ಹಣ ಪಾವತಿಯ ಭರವಸೆ ಪತ್ರ) ಮೇಲೆ ತರಿಸುವ ಮಾಲಿಗೆ ಹಡಗಿನವರ ಅಸಲು ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹತ್ತಿಸಿಕೊಂಡ ರಸೀದಿ, ಇವತ್ತಿಗೂ ಕೊರಿಯರ್‌ನಲ್ಲೇ ಬ್ಯಾಂಕಿಗೆ ಬರುತ್ತದೆ. ಅದು ಕೈಸೇರದೆ ಮಾಲು ಬಿಡಿಸುವ ಡೆಲಿವರಿ ಆರ್ಡರ್ ಸಿಗದು. ಮಾಲು ಬಂದು ಕೂತಿರುತ್ತದೆ, ಕಾಗದ ದಾರಿಯಲ್ಲಿರುತ್ತದೆ.

ಅಸೆಸ್‌ಮೆಂಟ್ ಮಾಡುವ, ಅಂದರೆ ಸುಂಕ ಎಷ್ಟೆಂದು ನೋಡುವ, ಅಧಿಕಾರಿಯೂ ಈಗ ಇಲ್ಲೇ ಇರಬೇಕೆಂದಿಲ್ಲ, ಬೇರೆ ಊರಿನಲ್ಲಿ ಕೂತಿರಬಹುದು. ಹೋದ ಲಾಟಿಗೆ ಪರದೆ ಮೇಲೆ ಒಂದು ಪ್ರಶ್ನೆ ಬಂತು: ಇದು ಹುರಿ ಮಾಡಿದ್ದೋ, ಮಾಡದ್ದೋ? ಮಾಡದಿದ್ದರೆ ಕಸ್ಟಮ್ಸ್ ಕೋಡ್ 5002, ಹುರಿ ಮಾಡಿದ ನೂಲಾದರೆ 5004; ಜಿಎಸ್‌ಟಿ ಒಂದಕ್ಕೆ ಇಲ್ಲ, ಇನ್ನೊಂದಕ್ಕೆ ಉಂಟು. ಕೇಳಿದ್ದು ತಪ್ಪಲ್ಲ. ಆದರೆ ನಿಮ್ಮಲ್ಲಿ ಯಾರಾದರೂ ಲಡಿಯಿಂದ ಒಂದೆಳೆ ಎಳೆದು ಬೆರಳಲ್ಲಿ ಹೊರಳಿಸಿದ್ದರೆ ಅರೆಗಳಿಗೆಯಲ್ಲಿ ಹೇಳುತ್ತಿದ್ದಿರಿ. ನಾವು ಫೋಟೋ, ಟೆಸ್ಟ್ ರಿಪೋರ್ಟ್ ಹಾಕಿ ಉತ್ತರಕ್ಕೆ ಕಾದೆವು. ಅಷ್ಟೂ ದಿನ ಕಂಟೇನರ್ ಇಳಿಸುವ ಡಿಪೋದ ಬಾಡಿಗೆ ಓಡಿತು, ಮೇಲೆ ಕಂಟೇನರ್ ಹಿಡಿದಿಟ್ಟುಕೊಂಡದ್ದಕ್ಕೆ ಹಡಗಿನ ಕಂಪನಿಯ ಚಾರ್ಜು, ಅದೂ ಡಾಲರ್ ಲೆಕ್ಕದಲ್ಲಿ. ಕ್ಲಿಯರಿಂಗ್ ಚಾರ್ಜು ಅಂದರೆ ಇದು. ಇದರಲ್ಲಿ ನಮ್ಮ ಲಾಭ ಒಂದು ರೂಪಾಯಿಯೂ ಇಲ್ಲ.

ಖರ್ಚಿನಲ್ಲಿ ಉಳಿದದ್ದು ಇಲ್ಲವೇ ಇಲ್ಲ ಎನ್ನುವುದಿಲ್ಲ. ಫೈಲು ಹಿಡಿದು ವೈಟ್‌ಫೀಲ್ಡ್ ಡಿಪೋಗೆ ಅಲೆಯುತ್ತಿದ್ದ ಹುಡುಗನ ಬಸ್ ಚಾರ್ಜು ಉಳಿದಿದೆ. ಅವನೀಗ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಸಂಬಳ ಜಾಸ್ತಿ ಕೇಳಿದ್ದಾನೆ. ಕೊಟ್ಟಿದ್ದೇವೆ, ಕೆಲಸಗಾರ.

ಮಾಲು ಬದಲಾಗುವುದಿಲ್ಲ. ಎಳೆಯ ದಪ್ಪ ಅದೇ 20/22 ಡೆನಿಯರ್, ದರ್ಜೆ ಅದೇ 4ಎ. ಬೇಲ್ ಮೇಲಿನ ಲಾಟ್ ನಂಬರನ್ನು ಬಿಲ್ಲಿನಲ್ಲಿ ಬರೆಯುತ್ತೇವೆ, ಬೇಕಾದ ಬಂಡಲ್ ಬಿಚ್ಚಿಸಿ ನೋಡಿ. ಎಳೆ ಹರಿಯುತ್ತದೆ ಎಂದು ಇದುವರೆಗೆ ಯಾರು ಲಾಟು ವಾಪಸು ತಂದರೂ ಮುಖ ತಿರುಗಿಸಿದವರು ನಾವಲ್ಲ, ಮುಂದೆಯೂ ಅಷ್ಟೇ.

ವಾಟ್ಸಾಪ್ ಇಲ್ಲದವರು ಅಂಗಡಿಗೆ ಬಂದರೆ ಪಿಡಿಎಫ್ ಪ್ರಿಂಟ್ ಹಾಕಿಕೊಡುತ್ತೇವೆ, ದುಡ್ಡಿಲ್ಲ. ಸಾಲಕ್ಕೆಂದು ಬ್ಯಾಂಕಿನವರು ಸೀಲಿನ ಪ್ರತಿಯೇ ಬೇಕೆಂದು ಹಟ ಹಿಡಿದರೆ ಕ್ಯೂಆರ್ ಕೋಡ್ ತೋರಿಸಿ, ಆಗಲೂ ಒಪ್ಪದಿದ್ದರೆ ಅಲ್ಲಿಂದಲೇ ನಮಗೆ ಫೋನ್ ಹಚ್ಚಿ. ಮಾತಾಡುವುದು ನಮ್ಮ ಜವಾಬ್ದಾರಿ. ವಾಟ್ಸಾಪ್ ನಂಬರ್ ಬದಲಾಗಿದ್ದರೆ ಈ ತಿಂಗಳೊಳಗೆ ಗಲ್ಲೆಯಲ್ಲಿ ಬರೆಸಿ.

ಇಂತಿ ನಿಮ್ಮವರು,
ಅಂಗಡಿಯ ಪಾಲುದಾರರು
ಚಿಕ್ಕಪೇಟೆ, ಬೆಂಗಳೂರು