ಬೋರ್ಡು ಬಂತು, ಮಾತು ಹೋಯ್ತು

ಚಿ. ರೇಖಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರವನ್ನೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿರುತ್ತಾಳೆ, ಅದನ್ನು ಬಿಡು. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿದೆ. ‘ಒಂದನೇ ಕ್ಲಾಸಿನ ಮಕ್ಕಳು ನನ್ನ ಮುಂದೆ ಮಾತಾಡುವುದನ್ನೇ ಬಿಟ್ಟಿದ್ದಾರೆ ದೊಡ್ಡಪ್ಪ.’ ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

2019ರಲ್ಲಿ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದಾಗ ನಮ್ಮ ರಿಟೈರ್ಡ್ ಮೇಷ್ಟ್ರುಗಳ ಕಟ್ಟೆಯಲ್ಲಿ ಜಗಳವೇ ಆಗಿತ್ತು. ನಾನು ವಿರೋಧದ ಕಡೆ. 1982ರಲ್ಲಿ ರಾಜ್‌ಕುಮಾರ್ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ಇಳಿದಾಗ ರಜೆ ಹಾಕಿ ಹೋಗಿ ಘೋಷಣೆ ಕೂಗಿದವನು, ಇನ್ನೇನು ಹೇಳಲಿ? ಈಗ ಆ ವಾದ ಬೇಡ. ಕಾನ್ವೆಂಟಿನ ವ್ಯಾನು ಊರೊಳಗೇ ಬಂದು ಮಕ್ಕಳನ್ನು ಹತ್ತಿಸಿಕೊಂಡು ಹೋಗುವಾಗ ಕೂಲಿ ಮಾಡುವ ಅಪ್ಪ ಅಮ್ಮನೂ ಇಂಗ್ಲಿಷ್ ಕೇಳುತ್ತಾರೆ. ತಪ್ಪೇನಿಲ್ಲ. ನಿಮ್ಮ ಶಾಲೆಗೆ ಕನ್ನಡ-ಇಂಗ್ಲಿಷ್ ದ್ವಿಭಾಷಾ ಅಂತ ಬೋರ್ಡು ಬಂತು, ಪುಸ್ತಕ ಬಂತು, ಇಂಗ್ಲಿಷಿಗೆ ಟೀಚರ್ ಮಾತ್ರ ಬರಲಿಲ್ಲ ಅಂದೆ. ಬೋರ್ಡಿಗೆ ಒಂದೇ ಸಲದ ಖರ್ಚು. ಟೀಚರಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕಲ್ಲ!

ಆದರೂ ಆ ಸಾಲು. ಮಾತೇ ಬಿಟ್ಟರು ಅಂದೆಯಲ್ಲ.

ನನ್ನ ಮೊದಲ ಪೋಸ್ಟಿಂಗು ಹೊನ್ನಾಳಿ ಕಡೆಯ ಒಂದು ತಾಂಡಾದಲ್ಲಿ. ಕನ್ನಡ ಶಾಲೆ, ಕನ್ನಡ ಮೇಷ್ಟ್ರು, ಮಕ್ಕಳೆಲ್ಲ ಲಂಬಾಣಿ. ಆರು ವರ್ಷದ ಒಂದು ಹುಡುಗಿ ಮುಂದೆಯೇ ಕೂರುತ್ತಿದ್ದಳು. ಕೊಡದ ಚಿತ್ರ ತೋರಿಸಿ ‘ಇದೇನು?’ ಅಂದರೆ ನೆಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಅದೇ ಹುಡುಗಿ ಕೈ ಬೀಸಿ ಬೀಸಿ ಗೆಳತಿಯರಿಗೆ ಏನೋ ಕಥೆ ಹೇಳುತ್ತಿದ್ದಳು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಯಾಡಿ ಅಂದರೆ ಅಮ್ಮ, ಬಾಟಿ ಅಂದರೆ ರೊಟ್ಟಿ. ಅಷ್ಟು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ನಾನು ಹತ್ತಿರ ಹೋದೆ. ಬಾಯಿ ಮುಚ್ಚಿಕೊಂಡಳು. ಆ ವರ್ಷದ ಕೊನೆಗೆ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಮಂದ’ ಅಂತ ಬರೆದೆ. ನನ್ನ ಅಕ್ಷರ ಆಗ ದುಂಡಗಿತ್ತು. ಮುಂದಿನ ದೀಪಾವಳಿ ಆದಮೇಲೆ ಮನೆಯವರೆಲ್ಲ ಕಬ್ಬು ಕಡಿಯಲು ಹೋದರು, ಅವಳು ಮತ್ತೆ ಶಾಲೆಗೆ ಬರಲಿಲ್ಲ. ತಪ್ಪನ್ನು ಕಬ್ಬಿನ ಮೇಲೆ ಹಾಕಿ ಸುಮ್ಮನಾದೆ.

ಕನ್ನಡಕ್ಕಾಗಿ ಕೂಗಿದವನಿಗೆ, ಆ ಮಗುವಿಗೆ ಕನ್ನಡವೇ ಇಂಗ್ಲಿಷ್ ಅಂತ ಹೊಳೆಯಲೇ ಇಲ್ಲ ನೋಡು. ಸಂವಿಧಾನದ 350ಎ ವಿಧಿ 1956ರಿಂದಲೂ ಇದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಿ ಅನ್ನುತ್ತದೆ. ನಮ್ಮ ತಾಂಡಾಕ್ಕೆ ಅದರ ಹೆಸರಲ್ಲಿ ಒಂದು ಪುಸ್ತಕವೂ ಬರಲಿಲ್ಲ. ನಾನು ಕೇಳಲೂ ಇಲ್ಲ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಒಂದು ಅನುಮಾನ ಮಾತ್ರ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಂಗ್ಲಿಷ್ ತಪ್ಪಾದೀತು ಅಂತ ಕ್ಲಾಸಿನಲ್ಲಿ ನೀನೂ ಮಾತು ಕಮ್ಮಿ ಮಾಡಿದ್ದೀಯ ಅಲ್ವಾ? ಚಿಕ್ಕವಳಿದ್ದಾಗ ಜಗಲಿ ಮೇಲೆ ಕೂತು ಎಷ್ಟು ಹರಟುತ್ತಿದ್ದೆ. ಮಕ್ಕಳು ನಿನ್ನ ಮುಖ ನೋಡಿಯೇ ಸುಮ್ಮನಾಗಿರಬಹುದು.

ಗಣಿತದ ಪುಸ್ತಕದಲ್ಲಿ ಎರಡೂ ಭಾಷೆ ಅಚ್ಚಾಗಿದೆಯಲ್ಲ, ಕನ್ನಡದ ಪುಟವನ್ನೇ ಮೊದಲು ತೆಗೆ. ಯಾರಾದರೂ ಬಂದು ಕೇಳಿದರೆ ‘ದ್ವಿ’ ಅಂದರೆ ಎರಡು ಅನ್ನು. ಬೆಂಗಳೂರಿನ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಮೇಷ್ಟ್ರುಗಳಿಗೆ 30 ದಿನದ ತರಬೇತಿ ಕೊಡುತ್ತಾರೆ, ನಿನ್ನ ಹೆಸರೂ ಕಳಿಸಲು ಹೆಡ್‌ಮಾಸ್ಟರಿಗೆ ಹೇಳು. ಟೀಚರ್ ಬೇಕು ಅಂತ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಕೊಡಿ. ಹೇಳುವುದು ಸುಲಭ. ನನ್ನ ಇಡೀ ಸರ್ವಿಸಿನಲ್ಲಿ ಅಂಥ ಒಂದು ಠರಾವನ್ನೂ ನಾನು ಮಾಡಿಸಲಿಲ್ಲ.

ಒಬ್ಬ ಹುಡುಗ ಬೆಳಿಗ್ಗೆ ಓಡಿ ಬಂದು ‘ಮಿಸ್’ ಅಂದವನು ಮುಂದೆ ಏನೂ ಹೇಳದೆ ಹೋಗಿ ಕೂತ ಅಂತ ಬರೆದಿದ್ದೀಯ. ಅವನು ಏನು ಹೇಳಲು ಬಂದಿದ್ದ? ನಾಳೆ ಪಕ್ಕ ಕೂರಿಸಿಕೊಂಡು ಕೇಳು. ಏನಂದ ಅಂತ ನನಗೆ ಬರಿ.

ನಿನ್ನ ದೊಡ್ಡಪ್ಪ