ಮೂರನೇ ಜಿಗಿತಕ್ಕೂ ಅಭ್ಯಾಸ ಬೇಕು

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ದಿನಗಳು ಮತ್ತೆ ಬಂದಿವೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಎಂದು ಮಕ್ಕಳು ಬಸ್ಸು, ಗೂಡ್ಸ್ ಆಟೊಗಳಲ್ಲಿ ಓಡಾಡುತ್ತಿರುವ ಈ ಹೊತ್ತಿನಲ್ಲಿ, ಪತ್ರಿಕೆಗಳ ಕ್ರೀಡಾಪುಟದಲ್ಲೂ ಕೂಟಗಳ ಉದ್ಘಾಟನಾ ಭಾಷಣಗಳಲ್ಲೂ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ನಮ್ಮ ಮಕ್ಕಳಲ್ಲಿ ಪ್ರತಿಭೆಗೆ ಕೊರತೆಯಿಲ್ಲ, ಮಾನಸಿಕ ದೃಢತೆ ಸಾಲದು. 29 ವರ್ಷ ಪ್ರೌಢಶಾಲೆಯ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದವನೇ. ಆದರೆ ಆ ದೃಢತೆ ಎಲ್ಲಿಂದ ಬರಬೇಕು, ಅದನ್ನು ಕಲಿಸಬೇಕಾದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ತಪ್ಪು ಎಂದು ನನಗೆ ಈಗ ಅನ್ನಿಸುತ್ತದೆ. ಆ ತಪ್ಪನ್ನು ನಾನೇ ಬಹುಕಾಲ ಮಾಡಿದ್ದರಿಂದ ಈ ಪತ್ರ ಬರೆಯುವ ಹಕ್ಕಿದೆ ಎಂದುಕೊಂಡಿದ್ದೇನೆ.

ಸುಮಾರು 20 ವರ್ಷಗಳ ಹಿಂದಿನ ಮಾತು, ತಾಲ್ಲೂಕು ಮಟ್ಟದ ಕೂಟ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಉದ್ದ ಜಿಗಿತದಲ್ಲಿ ಎರಡು ಸಲ ಫೌಲ್ ಮಾಡಿದ್ದ. ಎರಡೂ ಸಲ ಕಾಲು, ಚಿಮ್ಮಿ ಏಳಬೇಕಾದ ಹಲಗೆಯನ್ನು ದಾಟಿದ್ದು ಎರಡು ಬೆರಳಿನಷ್ಟು ಮಾತ್ರ. ಬಿದ್ದದ್ದು ಉಳಿದವರೆಲ್ಲರಿಗಿಂತ ಮುಂದೆ. ಇನ್ನು ಉಳಿದಿದ್ದದ್ದು ಒಂದೇ ಜಿಗಿತ. ನಾನು ಸುಣ್ಣದ ಗೆರೆಯಾಚೆ ನಿಂತು, "ಹಲಗೆ ನೋಡ್ಕೊಂಡು ಹಾರೋ, ಈ ಸಲ ತಪ್ಪಿದ್ರೆ ಊರಿಗೆ ನಡ್ಕೊಂಡೇ ಬಾ" ಎಂದು ಎಲ್ಲರೆದುರು ಕೂಗಿದೆ. ಪಾಪ, ಹುಡುಗ ನಾನು ಹೇಳಿದಂತೆಯೇ ಮಾಡಿದ. ತಲೆ ತಗ್ಗಿಸಿ ಹಲಗೆಯನ್ನೇ ನೋಡುತ್ತ ಓಡಿಬಂದು, ಕೊನೆಯ ನಾಲ್ಕು ಹೆಜ್ಜೆಗಳನ್ನು ಪುಟ್ಟ ಪುಟ್ಟದಾಗಿ ಇಟ್ಟು, ಹಲಗೆಗೆ ಒಂದಡಿ ಹಿಂದಿನಿಂದಲೇ ಮೇಲೆದ್ದು, ಮರಳಿನ ಈಚೆಯ ಭಾಗದಲ್ಲೇ ಕುಸಿದ. ಫೌಲ್ ಆಗಲಿಲ್ಲ, ಸ್ಥಾನವೂ ಬರಲಿಲ್ಲ. ವಾಪಸು ಬರುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತಿದ್ದ. ಮರುವಾರ ಅಭ್ಯಾಸಕ್ಕೆ ಬರಲಿಲ್ಲ, ಆ ವರ್ಷವಿಡೀ ಬರಲಿಲ್ಲ. "ಅವನಿಗೆ ಗುಂಡಿಗೆ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಾನು ಕೈತೊಳೆದುಕೊಂಡೆ.

ಓಟ ಶುರುಮಾಡುವ ಗುರುತನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿ, "ಎಂದಿನ ಹಾಗೇ ಓಡು" ಎಂದು ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ಸಾವಿರ ಸಲ ಮಾಡಿ ಮೈಗೂಡಿದ ಚಲನೆಯನ್ನು ದೇಹ ತಾನಾಗಿ ನಡೆಸಿಕೊಂಡು ಹೋಗುತ್ತದೆ. ಭಯ ಹುಟ್ಟಿದಾಗ ಮನಸ್ಸು ಅದರ ಮೇಲೆ ಕಾವಲು ಕೂರುತ್ತದೆ, ಕಾವಲು ಕೂತ ಕೂಡಲೇ ಲಯ ತಪ್ಪುತ್ತದೆ. ತುಂಬಿದ ಲೋಟ ಹಿಡಿದು ಬರುವ ಮಗುವಿಗೆ "ಚೆಲ್ಲಬೇಡ, ಚೆಲ್ಲಬೇಡ" ಎಂದಷ್ಟೂ ಹಾಲು ನೆಲದ ಪಾಲಾಗುವುದನ್ನು ನಾವೆಲ್ಲ ಮನೆಯಲ್ಲೇ ಕಂಡಿದ್ದೇವೆ. ಬಿ.ಪಿ.ಇಡಿ. ಓದುವಾಗ ಕ್ರೀಡಾ ಮನೋವಿಜ್ಞಾನವನ್ನು ಉರು ಹೊಡೆದು ಪರೀಕ್ಷೆ ಬರೆದಿದ್ದ ನನಗೆ ಮೈದಾನದಲ್ಲಿ ಅದರ ಒಂದಕ್ಷರವೂ ನೆನಪಾಗಲಿಲ್ಲ. ನೆನಪಾದದ್ದು ನನ್ನ ಮೇಷ್ಟ್ರು ನನಗೆ ಕೂಗಿದ ರೀತಿ ಮಾತ್ರ.

ಬೇರೆ ದಾರಿಯಿದೆ ಎಂದು ತೋರಿಸಿಕೊಟ್ಟವರು ಪಕ್ಕದ ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಕಿ. ಅವರ ಶಾಲೆಯ ಹುಡುಗಿಯರ ಕಬಡ್ಡಿ ತಂಡ ಎತ್ತರದಲ್ಲೂ ತೂಕದಲ್ಲೂ ನಮ್ಮದಕ್ಕಿಂತ ಕಡಿಮೆಯಿದ್ದರೂ ಕೊನೆಯ ಐದು ನಿಮಿಷಗಳಲ್ಲಿ ಪಂದ್ಯ ಕಿತ್ತುಕೊಂಡು ಹೋಗುತ್ತಿತ್ತು. ಗುಟ್ಟೇನೆಂದು ನೋಡಲು ಒಂದು ಸಂಜೆ ಅವರ ಅಭ್ಯಾಸಕ್ಕೇ ಹೋಗಿ ಕುಳಿತೆ. ಈಗಿನ ಕಬಡ್ಡಿ ನೋಡುವವರಿಗೆ ಗೊತ್ತಿರುವಂತೆ, ಒಂದು ತಂಡ ಸತತ ಎರಡು ರೈಡ್‌ಗಳಲ್ಲಿ ಅಂಕವಿಲ್ಲದೆ ಮರಳಿದರೆ ಮೂರನೆಯದು 'ಡು ಆರ್ ಡೈ' ರೈಡ್. ಅಂಕ ತರದಿದ್ದರೆ ರೈಡರ್ ಔಟ್, ಸಮಯ 30 ಸೆಕೆಂಡು. ಆ ಶಿಕ್ಷಕಿ ಅಭ್ಯಾಸವನ್ನು ಆ ಮೂರನೇ ರೈಡ್‌ನಿಂದಲೇ ಶುರುಮಾಡುತ್ತಿದ್ದರು. "ನಾವು ಎರಡಂಕ ಹಿಂದೆ, ಆಟ ಮುಗಿಯಲು ಒಂದು ನಿಮಿಷ, ಎರಡು ರೈಡ್ ಖಾಲಿ, ಹೋಗು" ಎಂದು ಒಬ್ಬಳನ್ನು ಕಳಿಸುವುದು. ಉಳಿದವರು ಅಂಕಣದ ಸುತ್ತ ನಿಂತು ತಟ್ಟೆ ಬಡಿದು, ಸೆಕೆಂಡು ಎಣಿಸಿ, ಅವಳ ಹೆಸರು ಕೂಗಿ ಗದ್ದಲವೆಬ್ಬಿಸುವುದು. ಔಟಾದರೆ ಬೈಗುಳವಿಲ್ಲ, ಮೈದಾನ ಸುತ್ತುವ ಶಿಕ್ಷೆಯಿಲ್ಲ. "ಎಲ್ಲಿ ಉಸಿರು ಹೋಯಿತು?" ಎಂಬ ಒಂದೇ ಪ್ರಶ್ನೆ, ಅವಳ ಉತ್ತರ, ಮತ್ತೆ ಅವಳನ್ನೇ ಇನ್ನೊಮ್ಮೆ ಕಳಿಸುವುದು.

ಉಸಿರಿನ ಆ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಒಂದೇ ಉಸಿರಿನಲ್ಲಿ 'ಕಬಡ್ಡಿ, ಕಬಡ್ಡಿ' ಎನ್ನುತ್ತಿರಬೇಕಾದ ಆಟದಲ್ಲಿ ಹೆದರಿದ ಮಗುವಿನ ಸ್ವರ ಮೊದಲು ಏರುತ್ತದೆ, ಆಮೇಲೆ ತುಂಡಾಗುತ್ತದೆ, ಕಾಲು ಸೋಲುವುದು ಅದರ ನಂತರ. ಆದ್ದರಿಂದ ಅವರು ಮಧ್ಯಗೆರೆ ದಾಟುವ ಮುನ್ನ ಮಾಡಬೇಕಾದ ಒಂದು ಪುಟ್ಟ ಕ್ರಮವನ್ನು ರೂಢಿ ಮಾಡಿಸಿದ್ದರು: ಉಸಿರನ್ನು ನಾಲ್ಕು ಎಣಿಸಿ ಒಳಗೆಳೆದು, ಆರು ಎಣಿಸಿ ಹೊರಬಿಡುವುದು, ಗೆರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ಎದುರಿನ ಒಬ್ಬಳ ಕಾಲನ್ನು ಮಾತ್ರ ನೋಡುವುದು. ಅಂಕಣ ಮುಟ್ಟಿ ನಮಸ್ಕರಿಸುವುದು ನಮ್ಮ ಮಕ್ಕಳಿಗೆ ಮೊದಲೇ ಇರುವ ಪದ್ಧತಿ. ಅದಕ್ಕೆ ಉಸಿರನ್ನು ಸೇರಿಸಿದ್ದು ಅವರ ಜಾಣತನ. ಅಂಕ ಎಷ್ಟೇ ಇರಲಿ, ಎದುರು ಯಾವ ಊರಿನ ತಂಡವೇ ಇರಲಿ, ಈ ಮೂರು ಕೆಲಸಗಳು ಬದಲಾಗುವುದಿಲ್ಲವಾದ್ದರಿಂದ ಹುಡುಗಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಸಿಕ್ಕಂತಾಗುತ್ತಿತ್ತು. ನಾನು ಗುಂಡಿಗೆ ಎಂದು ಕರೆಯುತ್ತಿದ್ದುದನ್ನು ಅವರು ದಿನವೂ ಸಂಜೆ ಅರ್ಧ ಗಂಟೆ ಕಲಿಸುತ್ತಿದ್ದರು. ನಿವೃತ್ತಿಗೆ ಮುಂಚಿನ ಹತ್ತು ಹನ್ನೊಂದು ವರ್ಷ ನಾನೂ ಅದನ್ನೇ ಅನುಸರಿಸಿದೆ. ಉದ್ದ ಜಿಗಿತದ ಅಭ್ಯಾಸವನ್ನು ವಾರಕ್ಕೊಂದು ದಿನ 'ಎರಡು ಫೌಲ್ ಆಗಿದೆ, ಒಂದೇ ಜಿಗಿತ ಬಾಕಿ' ಎಂದೇ ಶುರುಮಾಡಿಸುತ್ತಿದ್ದೆ.

ಹೀಗೆಂದರೆ ಕೆಲವು ಹಿರಿಯ ಸಹೋದ್ಯೋಗಿಗಳು ಮುಖ ಸಿಂಡರಿಸುತ್ತಾರೆ; ಈಗಿನ ಮಕ್ಕಳನ್ನು ಹೂವಿನಂತೆ ಸಾಕಿ ಕೆಡಿಸುತ್ತಿದ್ದೀರಿ ಎನ್ನುತ್ತಾರೆ. ಅಭ್ಯಾಸ ಕಠಿಣವಾಗಿರಬೇಕು ಎಂಬುದರಲ್ಲಿ ನನಗೆ ಅವರೊಡನೆ ಜಗಳವಿಲ್ಲ. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರಬೇಕು, ಸೋತವರು ಗೆದ್ದವರ ಕೈಕುಲುಕಬೇಕು, ಎಲ್ಲರಿಗೂ ಪದಕ ಹಂಚುವುದು ಬೇಡ. ಆದರೆ ಕಷ್ಟ ಕೊಡುವುದು ಬೇರೆ, ಅವಮಾನ ಮಾಡುವುದು ಬೇರೆ. ಕಷ್ಟಕ್ಕೆ ಒಗ್ಗಿಕೊಂಡ ಮಗು ಮುಂದಿನ ಸಲ ಇನ್ನೂ ಹೆಚ್ಚಿನದಕ್ಕೆ ಮೈಯೊಡ್ಡುತ್ತದೆ. ಅವಮಾನಕ್ಕೆ ಒಗ್ಗಿಕೊಂಡ ಮಗು ತಪ್ಪು ಮಾಡದಿರುವುದನ್ನು, ಅಂದರೆ ಏನನ್ನೂ ಮಾಡದಿರುವುದನ್ನು ಕಲಿಯುತ್ತದೆ. ರೈಡ್‌ಗೆ ಹೋಗಿ ಬೋನಸ್ ಗೆರೆಯ ಹತ್ತಿರವೂ ಸುಳಿಯದೆ ಮರಳುವ ಹುಡುಗರನ್ನು ನೋಡಿದರೆ ಅವರ ಮೇಷ್ಟ್ರು ಎಂಥವರು ಎಂದು ನಾನು ಹೇಳಬಲ್ಲೆ.

ದೊಡ್ಡವರ ಲೋಕದಲ್ಲಿ ಈ ವಿಷಯ ಈಗ ಮುಚ್ಚುಮರೆಯದಾಗಿ ಉಳಿದಿಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಳಿಯಲ್ಲಿ ತಿರುಗುವಾಗ ತಾನೆಲ್ಲಿದ್ದೇನೆಂಬ ಅರಿವೇ ತಪ್ಪುತ್ತಿದೆ ಎಂದು ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡ ಸ್ಪರ್ಧೆಯ ನಡುವೆಯೇ ಹಿಂದೆ ಸರಿದಾಗ ಅವರನ್ನು ಹೇಡಿ ಎಂದವರಿದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರು ಮೂರು ಚಿನ್ನ ಗೆದ್ದರು. ಅದೇ ಟೋಕಿಯೊದಲ್ಲಿ ಪಿಸ್ತೂಲು ಕೈಕೊಟ್ಟು ಫೈನಲ್ ತಪ್ಪಿಸಿಕೊಂಡ ಶೂಟರ್ ಮನು ಭಾಕರ್ ಪ್ಯಾರಿಸ್‌ನಿಂದ ಎರಡು ಕಂಚು ತಂದರು. 2008ರ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೇಲೆ ತಮ್ಮನ್ನು ಆವರಿಸಿದ ಶೂನ್ಯದ ಬಗ್ಗೆ ಅಭಿನವ್ ಬಿಂದ್ರಾ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ, ಕ್ರಿಕೆಟ್ ವಿಶ್ವಕಪ್ ತಂಡದಲ್ಲಿ ಆಡಿದವರು, ತಾವು ಖಿನ್ನತೆಯಲ್ಲಿ ಮುಳುಗಿದ್ದ ದಿನಗಳ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ. ಪ್ಯಾರಿಸ್‌ನ ಬ್ಯಾಡ್ಮಿಂಟನ್ ಕಂಚಿನ ಪದಕದ ಪಂದ್ಯದಲ್ಲಿ ಲಕ್ಷ್ಯ ಸೇನ್ ಮೊದಲ ಗೇಮನ್ನು 21-13ರಿಂದ ಗೆದ್ದು, ಎರಡನೆಯದರಲ್ಲೂ ಮುಂದಿದ್ದು, ಕೊನೆಗೆ ಸೋತಾಗ, ಆಟಗಾರರೂ ಹೊಣೆ ಹೊರಬೇಕು ಎಂದು ಅವರ ಮಾರ್ಗದರ್ಶಕ ಪ್ರಕಾಶ್ ಪಡುಕೋಣೆಯವರು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಮನಸ್ಸಿನ ತರಬೇತಿಗೂ ಒತ್ತು ಕೊಡಬೇಕೆಂದು ಅದೇ ಸಂದರ್ಭದಲ್ಲಿ ಅವರು ಆಡಿದ ಮಾತನ್ನು ನಾವು ಅಷ್ಟು ಆಸ್ಥೆಯಿಂದ ಕೇಳಿಸಿಕೊಳ್ಳಲಿಲ್ಲ.

2011ರ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆ ಮನೋಬಲದ ತರಬೇತುದಾರರಾಗಿದ್ದ ಪ್ಯಾಡಿ ಅಪ್ಟನ್, 2024ರಲ್ಲಿ ಕಂಚು ಗೆದ್ದ ಹಾಕಿ ತಂಡದ ಜೊತೆಗೂ, ಅದೇ ವರ್ಷ ಚೆಸ್ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಜೊತೆಗೂ ಕೆಲಸ ಮಾಡಿದರು. ಅಷ್ಟು ಮೇಲೆ ಹೋದವರಿಗೆ ಅಂಥವರು ಸಿಗುತ್ತಾರೆ. ಹೋಬಳಿ ಕೂಟಕ್ಕೆ ಬರಿಗಾಲಲ್ಲಿ ಬರುವ ಹದಿಮೂರರ ಹುಡುಗಿಗೆ ಇರುವುದು ಪಿ.ಟಿ. ಮೇಷ್ಟ್ರು ಮಾತ್ರ, ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಆ ಹುದ್ದೆಯೂ ಖಾಲಿ. ಗಣಿತದ ಮೇಷ್ಟ್ರೋ ಹಿಂದಿ ಮೇಡಮ್ಮೋ ಕೊರಳಿಗೆ ಸೀಟಿ ಹಾಕಿಕೊಂಡು ತಂಡ ಕರೆತರುತ್ತಾರೆ. ಅವರಿಂದ ಮನೋವಿಜ್ಞಾನವನ್ನು ನಿರೀಕ್ಷಿಸುವುದು ಅನ್ಯಾಯ. ಆದ್ದರಿಂದ ಖಾಲಿ ಹುದ್ದೆ ತುಂಬುವುದು ಮೊದಲ ಕೆಲಸ. ಅಲ್ಲಿಯವರೆಗೆ, ಕೂಟಗಳಿಗೆ ಮುನ್ನ ನಿಯಮ, ವೇಳಾಪಟ್ಟಿ ಎಂದು ಕರೆಯುವ ಸಭೆಗಳಲ್ಲಿ ಅರ್ಧ ದಿನವನ್ನಾದರೂ ಇದಕ್ಕೆ ಮೀಸಲಿಡಲಿ. ಶಾಲೆಯ ಸೂಚನಾ ಫಲಕದಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ದೊಡ್ಡದಾಗಿ ಬರೆಸಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ನಮ್ಮ ನಿಮ್ಹಾನ್ಸ್ ಮುಂದಾಳತ್ವದ ಈ ಉಚಿತ ಸೇವೆ ಕನ್ನಡದಲ್ಲೂ ಸಿಗುತ್ತದೆ. ನಿದ್ದೆಗೆಟ್ಟ, ಊಟ ಬಿಟ್ಟ, ಮೈದಾನದ ಹೆಸರೆತ್ತಿದರೆ ಹೊಟ್ಟೆನೋವು ಎನ್ನುವ ಮಗುವಿಗೆ ಬೇಕಾದದ್ದು ಇನ್ನಷ್ಟು ಅಭ್ಯಾಸ ಎಂದುಕೊಳ್ಳಬಾರದು.

ಮೀಸಲು ಆಟಗಾರರ ಬಗ್ಗೆಯೂ ಒಂದು ಮಾತು. ಭಾರತ 'ಎ' ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಕೋಚ್ ಆಗಿದ್ದಾಗ ರಾಹುಲ್ ದ್ರಾವಿಡ್ ಅವರು ಪ್ರವಾಸಕ್ಕೆ ಬಂದ ಪ್ರತಿಯೊಬ್ಬನಿಗೂ ಒಂದು ಪಂದ್ಯವಾದರೂ ಸಿಗುವಂತೆ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಕಬಡ್ಡಿಗೆ ಹನ್ನೆರಡು ಮಕ್ಕಳನ್ನು ಕರೆದೊಯ್ದು, ಏಳು ಜನರನ್ನು ಆಡಿಸಿ, ಉಳಿದ ಐವರಿಂದ ನೀರು ಹೊರಿಸುತ್ತೇವೆ. ಮನಸ್ಸು ಗಟ್ಟಿಯಾಗಲು ಅವರಿಗೆ ಅವಕಾಶವಾದರೂ ಎಲ್ಲಿದೆ?

ಪೋಷಕರ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಸ್ವಲ್ಪ ಹೆಚ್ಚೇ. ಹಿಂದೆ ಹಳ್ಳಿಯ ಅಪ್ಪಂದಿರು ಕ್ರೀಡಾಕೂಟದ ಕಡೆ ತಲೆಹಾಕುತ್ತಿರಲಿಲ್ಲ; ಈಗ ವೃತ್ತಿಶಿಕ್ಷಣದ ಕ್ರೀಡಾ ಕೋಟಾ ಸೀಟಿನ ಆಸೆ ಹುಟ್ಟಿದ ಮೇಲೆ ಬೈಕಿನಲ್ಲಿ ಬಂದು ಗೆರೆಯ ಪಕ್ಕದಲ್ಲೇ ನಿಲ್ಲುತ್ತಾರೆ. ಮಗು ಓಡುವುದು ನೂರು ಮೀಟರ್, ಅದರ ಬೆನ್ನ ಮೇಲೆ ಕೂತಿರುವುದು ಎಂಜಿನಿಯರಿಂಗ್ ಸೀಟು. ಸೋತ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುವ ಆ ಮುಕ್ಕಾಲು ಗಂಟೆಯ ದಾರಿಯಲ್ಲಿ ಎಷ್ಟು ಮಕ್ಕಳು ಆಟ ಬಿಟ್ಟಿದ್ದಾರೋ! ನಾನು ಪೋಷಕರ ಸಭೆಯಲ್ಲಿ ಕೈಮುಗಿದು ಕೇಳಿಕೊಳ್ಳುತ್ತಿದ್ದುದು ಇಷ್ಟೇ: ದಾರಿಯಲ್ಲಿ ಆಟದ ಮಾತೆತ್ತಬೇಡಿ, ಹೋಟೆಲಿನಲ್ಲಿ ನಿಲ್ಲಿಸಿ ಒಂದು ಮಸಾಲೆ ದೋಸೆ ಕೊಡಿಸಿ, ಎಲ್ಲಿ ತಪ್ಪಿತು ಎಂಬುದನ್ನು ಮಗುವೇ ಹೇಳುವವರೆಗೆ ಕಾಯಿರಿ. ಬಹುತೇಕ ಮಕ್ಕಳು ಎರಡು ದಿನದೊಳಗೆ ತಾವಾಗಿಯೇ ಹೇಳುತ್ತಾರೆ, ಅದೂ ನಮಗಿಂತ ಸರಿಯಾಗಿ ಹೇಳುತ್ತಾರೆ.

ಇನ್ನು ಪತ್ರಿಕೆಗಳವರಲ್ಲಿ ಒಂದು ವಿನಂತಿ. ನಾನು ನಿವೃತ್ತನಾಗುವ ಎರಡು ವರ್ಷ ಮುಂಚೆ ಜಿಲ್ಲಾ ಕೂಟದ ರಿಲೇಯಲ್ಲಿ ನಮ್ಮ ಹುಡುಗಿಯೊಬ್ಬಳ ಕೈಯಿಂದ ಬ್ಯಾಟನ್ ಜಾರಿತು. ಅವಳು ಟ್ರ್ಯಾಕಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ ಚಿತ್ರ, ಹೆಸರು ಮತ್ತು ಶಾಲೆಯ ಸಮೇತ, ಮರುದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ಬಂತು. ಯಾರೋ ಅದನ್ನು ಕತ್ತರಿಸಿ ತರಗತಿಯ ಬಾಗಿಲಿಗೆ ಅಂಟಿಸಿದ್ದರು. ವರ್ಷವಿಡೀ ಅವಳಿಗೆ 'ಬ್ಯಾಟನ್' ಎಂದೇ ಅಡ್ಡಹೆಸರು. ಮರುವರ್ಷ ಅವಳೇ ಬಂದು ರಿಲೇಯಲ್ಲಿ ಓಡುತ್ತೇನೆಂದಳು, ಅದಕ್ಕಾಗಿ ಮೂರು ತಿಂಗಳು ಕಣ್ಣುಮುಚ್ಚಿಕೊಂಡು ಬ್ಯಾಟನ್ ಪಡೆಯುವುದನ್ನು ಅಭ್ಯಾಸ ಮಾಡಿದಳು, ಸರಿಯಾಗಿ ದಾಟಿಸಿದಳು. ತಂಡಕ್ಕೆ ನಾಲ್ಕನೇ ಸ್ಥಾನ ಬಂತು. ಅದು ಸುದ್ದಿಯಾಗಲಿಲ್ಲ, ಆಗಬೇಕೆಂದು ನಾನೂ ಬಯಸಿರಲಿಲ್ಲ. 14 ಮತ್ತು 17 ವರ್ಷದೊಳಗಿನವರ ಕೂಟಗಳ ವರದಿಯಲ್ಲಿ ಗೆದ್ದವರ ಹೆಸರನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿ, ತಪ್ಪಿದವರ ಹೆಸರನ್ನೂ ಅಳುತ್ತಿರುವ ಮಕ್ಕಳ ಚಿತ್ರಗಳನ್ನೂ ಕೈಬಿಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ,
ಹಾಸನ ಜಿಲ್ಲೆ