ಜೈಸಲ್ಮೇರ್‌ಗೆ ಹೊರಟ ಮಗಳಿಗೊಂದು ಪತ್ರ

ತೀರ್ಥಹಳ್ಳಿ
ಮಂಗಳವಾರ ರಾತ್ರಿ

ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ಗದರಿಬಿಟ್ಟೆ. ತಪ್ಪಾಯಿತು. ಅಕ್ಕನ ಮನೆಯಲ್ಲಿ ರಾತ್ರಿ ಕೆಂಡ ಇಟ್ಟುಕೊಂಡು, ಬಾಗಿಲು ಹಾಕಿ ಬೆಚ್ಚಗೆ ಮಲಗುತ್ತಾರೆ ಅಂತ ನೀನು ಖುಷಿಯಲ್ಲೇ ಹೇಳಿದೆ. ಆಮೇಲೆ ನೀನು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ನೀನು ಫೋನ್ ಇಟ್ಟದ್ದು ಸರಿಯೇ. ಆದರೆ ಮಾತು ಅರ್ಧಕ್ಕೆ ನಿಂತಿದೆ, ಶುಕ್ರವಾರ ನೀನು ಹೊರಡುವುದರೊಳಗೆ ಮುಗಿಸಬೇಕು. ಅಕ್ಕನ ಮದುವೆ ಹೊತ್ತಿನದೆಲ್ಲ ಇಲ್ಲಿ ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಮರುಭೂಮಿ ಅಂದರೆ ಸೆಕೆ ಅಂತ ತೆಳು ಬಟ್ಟೆ ತುಂಬಿಕೊಂಡು ಹೋಗಬೇಡ. ಜನವರಿಯಲ್ಲಿ ಅಲ್ಲಿ ಹಗಲು ಹಿತವಾಗಿ 23–24 ಡಿಗ್ರಿ ಇರುತ್ತೆ, ಬೆಳಗಿನ ಜಾವ 7–8ಕ್ಕೆ ಇಳಿಯುತ್ತೆ. ನಮ್ಮಲ್ಲಿ ಮರ, ಮೋಡ, ತೇವ ಎಲ್ಲ ಸೇರಿ ಹಗಲಿನ ಕಾವನ್ನು ಅಷ್ಟಿಷ್ಟು ಹಿಡಿದಿಡುತ್ತವೆ. ಅಲ್ಲಿ ಗಾಳಿಯಲ್ಲಿ ಪಸೆಯೇ ಇಲ್ಲ, ಹೊತ್ತು ಮುಳುಗಿದ್ದೇ ಮರಳು ತಣ್ಣಗಾಗಲು ಶುರು. ದೇಶದ ಪಡುವಣ ಅಂಚಿನ ಊರಾದ್ದರಿಂದ ಬೆಳಕು ಹರಿಯುವುದೂ ತಡ, ಸೂರ್ಯ ಏಳುವಾಗ ಏಳೂವರೆ ಆಗಿರುತ್ತೆ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಪದರ, ಒಂದು ಶಾಲು, ಉಣ್ಣೆಯ ಕಾಲುಚೀಲ ಒಳ್ಳೆಯದು. ಹಗಲು ಒಂದೊಂದೇ ತೆಗೆಯಬಹುದು.

ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈನ ಒಂದು ಜೋರು ದಿನಕ್ಕೇ ಅಷ್ಟು ಸುರಿಯುತ್ತೆ. ಅಂಥ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತೆ, ಬಾಯಾರಿದ್ದು ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ನಾಲ್ಕು ಗುಟುಕು ನೀರು ಕುಡಿ. ತುಟಿಗೆ, ಹಿಮ್ಮಡಿಗೆ ಅಂತ ಅಮ್ಮ ಮುರುಗಲ ತುಪ್ಪದ ಉಂಡೆ ಕಟ್ಟಿದ್ದಾಳೆ, ಮಲಗುವ ಮುಂಚೆ ಅಂಗೈಯಲ್ಲಿ ಉಜ್ಜಿ ಕರಗಿಸಿ ಹಚ್ಚಿಕೋ. ಕೊಬ್ಬರಿ ಎಣ್ಣೆ ಆ ಚಳಿಗೆ ಕಲ್ಲಾಗುತ್ತೆ, ಅದಕ್ಕೇ ಅಗಲ ಬಾಯಿಯ ಡಬ್ಬಿಗೆ ಹಾಕಿದ್ದೇವೆ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ದೊಡ್ಡ ಬ್ಯಾಗಿಗೆ ಹಾಕು. ಕೊಬ್ಬರಿ ಗಿಟುಕು ಕಳಿಸಿಲ್ಲ. ಅದು ತಾನಾಗಿಯೇ ಕಾವು ಏರಿ ಬೆಂಕಿ ಹತ್ತಬಹುದು ಅಂತ ವಿಮಾನಕ್ಕೆ ಬಿಡುವುದಿಲ್ಲ.

ಈಗ ಕೆಂಡದ ವಿಷಯ. ನಮ್ಮ ಬಚ್ಚಲ ಒಲೆ ಬೆಳಗಿನಿಂದ ರಾತ್ರಿವರೆಗೂ ಉರಿಯುತ್ತೆ, ಅದರ ಮುಂದೆ ಕೂತು ಬೆಳೆದವರಿಗೆ ಬೆಂಕಿಯ ಹೆದರಿಕೆ ಇರುವುದಿಲ್ಲ. ಅಕ್ಕನಿಗೂ ಇಲ್ಲ, ನನಗೆ ಭಯ ಅದೇ. ಇಲ್ಲಿ ನಮ್ಮನ್ನು ಕಾಯುವುದು ಹೆಂಚಿನ ಸಂದು, ಗೋಡೆ ಮೇಲಿನ ತೆರಪು, ಯಾವಾಗಲೂ ತೆರೆದಿರುವ ಹಿಂಬಾಗಿಲು. ಅವಳದು ಕಲ್ಲು ಕಟ್ಟಡ, ಮೇಲೆ ತಾರಸಿ. ಧೂಳು ಬರುತ್ತೆ ಅಂತ ಕಿಟಕಿ ಸಂದಿಗೂ ಬಟ್ಟೆ ತುರುಕಿದ್ದಾಳೆ ಅಂತ ನೀನೇ ಹೇಳಿದೆ.

ಅಲ್ಲಿಯವರು ಸಿಗ್ಡಿ ಅನ್ನುವ ಇದ್ದಿಲ ಒಲೆ ಹೊಗೆಯಾಡದೆ ಕೆಂಪಗೆ ನಿಗಿನಿಗಿ ಅನ್ನುವಾಗಲೇ ಮೋಸ. ಗಾಳಿ ಸಾಲದೆ ಉರಿವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ನಿದ್ದೆಯಲ್ಲಿದ್ದವರಿಗೆ ಮೊದಲಿನದ್ಯಾವುದೂ ತಿಳಿಯುವುದೇ ಇಲ್ಲ. ಮಕ್ಕಳ ಉಸಿರು ಚುರುಕು, ದೊಡ್ಡವರಿಗಿಂತ ಬೇಗ ತಾಗುತ್ತೆ. ಪಾಪು ಅದೇ ಕೋಣೆಯಲ್ಲಿ ಮಲಗುತ್ತೆ ತಾನೇ?

ಬೂದಿ ಮುಚ್ಚಿದರೆ ಆರಿತು ಅಂದುಕೊಳ್ಳಬೇಡ. ಒಳಗೆ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತೆ, ಅನಿಲವೂ ಬರುತ್ತಿರುತ್ತೆ. ಕಿಟಕಿ ನಾಲ್ಕು ಬೆರಳು ತೆರೆದಿಟ್ಟರೆ ಸಾಕು ಅನ್ನುವ ಮಾತನ್ನೂ ನಂಬಬೇಡ. ಒಲೆಯನ್ನು ಅಂಗಳದಲ್ಲೇ ಹಚ್ಚಲಿ, ಅಲ್ಲೇ ಕೂತು ಚಳಿ ಕಾಯಿಸಿಕೊಳ್ಳಿ, ಒಳಗೆ ತರುವುದು ಬೇಡ. ಕೋಣೆಗೆ ಕರೆಂಟಿನ ಹೀಟರ್ ಇಟ್ಟು ಮಲಗುವ ಮುಂಚೆ ಒಂದು ತಾಸು ಹಾಕಿ ಆರಿಸಿದರಾಯಿತು. ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಬೇಡಿ, ಗೋಡೆಯ ದೊಡ್ಡ ಸಾಕೆಟ್ಟಿಗೇ ಹಾಕಿ. ಬಿಸಿನೀರಿನ ರಬ್ಬರ್ ಚೀಲವಾದರೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಒತ್ತಿ ತೆಗೆದು, ಮುಚ್ಚಳ ಬಿಗಿದು, ಟವೆಲ್ ಸುತ್ತಿ. ಕುದಿಯುವ ನೀರು ಬೇಡ. ಪಾಪು ಮಲಗುವ ಜಾಗ ಬೆಚ್ಚಗಾದ ಮೇಲೆ ಚೀಲ ತೆಗೆದುಬಿಡಿ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೂ ಇದೇ ಜಾತಿ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಚಳಿಗೆ ಬಂತು ಅಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ, ಕೆಂಡದ ವಿಷಯ ಮೊದಲೇ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಅದಕ್ಕೆ ಈ ಅನಿಲ ಹಿಡಿದ ರಕ್ತ, ಆಮ್ಲಜನಕ ತುಂಬಿದ ರಕ್ತ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಪಾಠ ಹೇಳಬಾರದು ಅಂತಲೇ ಕೂತಿದ್ದೆ. ಹೇಳಿಬಿಟ್ಟೆ. ನಿನ್ನ ಸಂಬಳದಲ್ಲಿ ನೀನೇ ಟಿಕೆಟ್ ತೆಗೆದು, ಯಾರೂ ಹೇಳದೆ ಅಕ್ಕನನ್ನು ನೋಡಲು ಹೊರಟಿದ್ದೀಯ. ಅದು ನನಗೆ ಎಷ್ಟು ದೊಡ್ಡದು ಅಂತ ನಿನ್ನೆ ಹೇಳಬೇಕಿತ್ತು. ಜೋಧ್‌ಪುರದಿಂದ ಇನ್ನೂ 280 ಕಿಲೋಮೀಟರ್ ಇದೆ, ಟ್ಯಾಕ್ಸಿಯಾದರೆ ಬೆಳಕಿರುವಾಗಲೇ ಮುಟ್ಟು, ಕತ್ತಲಲ್ಲಿ ದನಗಳು ರಸ್ತೆ ಮೇಲೇ ಇರುತ್ತವೆ. ನಾನೂ ಬರಬಹುದಿತ್ತು ಅಂತ ಅಮ್ಮ ಅಂದಳು. ಅಡಿಕೆ ಕೊಯ್ಲು ನಡೆದಿದೆ, ಬೇಯಿಸುವ ಹಂಡೆ ಒಲೆಯಿಂದ ಇಳಿದಿಲ್ಲ ಅಂದೆ.

ನಾಳೆ ರಾತ್ರಿ ಬಸ್ಸಿಗೆ ಹಾಕುವ ಗಂಟಿನಲ್ಲಿ ಸಣ್ಣ ಬಿಳಿ ಡಬ್ಬಿ ಇದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ, ಶಿವಮೊಗ್ಗದ ಹುಡುಗನ ಕೈಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ಹೊಗೆಗೆ ಕೂಗುವ ಯಂತ್ರ ಬೇರೆ, ಇದು ಬೇರೆ. ಅವರು ಮಲಗುವ ಕೋಣೆಯಲ್ಲಿ, ಮಂಚದಲ್ಲಿ ಮಲಗಿದವರ ತಲೆ ಮಟ್ಟಕ್ಕೆ, ಪರದೆ ಮರೆಯಾಗದ ಕಡೆ ಹಾಕು. ಗುಂಡಿ ಒತ್ತಿ ಕೂಗುತ್ತದಾ ನೋಡು, ತಿಂಗಳಿಗೊಮ್ಮೆ ಹಾಗೆ ನೋಡಲು ಹೇಳು. ನಾನು ಕಳಿಸಿದ್ದು ಅಂತ ಹೇಳಬೇಡ, ನೀನೇ ತಂದದ್ದು ಅನ್ನು. ಹಾಕಿದ ಮೇಲೆ ಒಂದು ಫೋಟೋ ಕಳಿಸು, ಪಾಪುವೂ ಅದರಲ್ಲಿ ಬರುವ ಹಾಗೆ.

ಅಪ್ಪ